ಘಟ್ಟದ ಹೊಂಚು, ಗಗನದ ಹೊಂಚು

ಶಿರಸಿಯಿಂದ ಯಲ್ಲಾಪುರದ ಹಾದಿ ಹಿಡಿದ ಪ್ರವಾಸಿಗೆ, ಪೇಟೆ ಹಿಂದೆ ಸರಿದ ಸ್ವಲ್ಪ ಹೊತ್ತಿನಲ್ಲಿಯೇ ಆಕಾಶ ಕಿರಿದಾಗತೊಡಗುತ್ತದೆ. ಎರಡೂ ಮಗ್ಗುಲಿಗೆ ಮರಗಳು; ಅವುಗಳ ನಡುವೆ ಅಲ್ಲಲ್ಲಿ ತಗ್ಗಿನಲ್ಲಿ ಅಡಿಕೆ ತೋಟಗಳು; ಪ್ರತಿ ಅಡಿಕೆ ಮರವನ್ನೂ ತಬ್ಬಿ ಮೇಲೇರಿದ ಮೆಣಸಿನ ಬಳ್ಳಿ. ಮುಖ್ಯ ರಸ್ತೆಯನ್ನು ಬಿಟ್ಟು ಒಳಕ್ಕೆ ತಿರುಗಿದರೆ ಸೋದೆಯ ಸೀಮೆ. ಸ್ವರ್ಣವಲ್ಲಿಯ ಮಠವಿರುವುದು ಇಲ್ಲಿಯೇ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹವ್ಯಕ ಕುಟುಂಬಗಳಿಗೆ ಇದು ಗುರುಪೀಠ. ಇದೇ ಸೋದೆಯಲ್ಲಿ ವಾದಿರಾಜರ ಬೃಂದಾವನವಿದೆ, ಜೈನರ ಮಠವೂ ಇದೆ. ಮೂರು ಸಂಪ್ರದಾಯಗಳ ಗಂಟೆಯ ನಾದ ಒಂದೇ ಕಾಡಿನಲ್ಲಿ ಬೆರೆಯುವ ಇಂಥ ಸ್ಥಳ ನಾಡಿನಲ್ಲಿ ಅಪರೂಪವೇ ಸರಿ.

ಸಮೀಪದಲ್ಲಿ ಶಾಲ್ಮಲಾ ನದಿ. ನೀರು ಇಳಿದ ದಿನಗಳಲ್ಲಿ ಅದರ ಪಾತ್ರದ ಬಂಡೆಬಂಡೆಯ ಮೇಲೂ ಲಿಂಗಗಳು ಮೈದೋರುತ್ತವೆ. ಸಹಸ್ರಲಿಂಗವೆಂದು ಪ್ರಸಿದ್ಧವಾದ ಈ ಕೆತ್ತನೆಯನ್ನು 1678ರಿಂದ 1718ರವರೆಗೆ ಆಳಿದ ಸೋದೆಯ ಸದಾಶಿವರಾಯನು ಮಾಡಿಸಿದನೆಂದು ಹೇಳುತ್ತಾರೆ. ಹರಿಯುವ ನೀರಿನ ನಡುವೆ ಸಾವಿರ ಲಿಂಗಗಳನ್ನು ಕಡೆಯಿಸುವಷ್ಟು ಸಿರಿ ಈ ಕಾಡಿನ ಅರಸರಿಗೆ ಎಲ್ಲಿಂದ ಬಂತು? ಉತ್ತರ ಆ ಮೆಣಸಿನ ಬಳ್ಳಿಯಲ್ಲಿದೆ. ನೆರೆಯ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಘಟ್ಟದ ಮೇಲಿನ ಮೆಣಸು ಕರಾವಳಿಗೆ ಇಳಿದು ಹಡಗು ಹತ್ತಿದರೆ ಹೊನ್ನು. ಇಳಿಯದಿದ್ದರೆ ಬರಿಯ ಕಾಳು.

ತೊಡಕಿದ್ದುದು ಆ ಇಳಿಯುವುದರಲ್ಲಿಯೇ. ಕಾಡಿನಲ್ಲಿ ಒಂಟಿ ಮನುಷ್ಯನಿಗೆ ನೂರು ದಾರಿ; ಹೇರು ಹೊತ್ತ ಎತ್ತಿಗೆ ಒಂದೇ ದಾರಿ. ಈಗ ಕುಮಟೆಗೆ ಇಳಿಯುವ ದೇವಿಮನೆ ಘಟ್ಟ, ಅಂಕೋಲೆಯ ಕಡೆಗೆ ಇಳಿಯುವ ಅರಬೈಲು ಘಟ್ಟ ಇವುಗಳಲ್ಲಿ ವಾಹನಗಳಲ್ಲಿ ಕುಳಿತು ತೂಕಡಿಸುತ್ತ ಸಾಗುವ ನಮಗೆ ಇದು ಹೊಳೆಯುವುದಿಲ್ಲ. ಆದರೆ ಒಂದು ಪಕ್ಕ ಗೋಡೆಯಂತೆ ನಿಂತ ಬೆಟ್ಟ, ಇನ್ನೊಂದು ಪಕ್ಕ ಪಾತಾಳ, ನಡುವೆ ಎರಡು ಎತ್ತು ಜೊತೆಯಾಗಿ ನಡೆಯಲಾರದ ಕಿರುದಾರಿ. ಇದನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ದರೋಡೆಗಾರನಿಗೆ ಕಾಡೆಲ್ಲ ಅಲೆದು ಹುಡುಕುವ ಶ್ರಮವಿಲ್ಲ. ಹೇರೆತ್ತು ಎಲ್ಲಿಗೆ ಬಂದೇ ತೀರಬೇಕೋ ಅಲ್ಲಿ ಕುಳಿತು ಕಾದರಾಯಿತು.

ಹೊಂಚಿನ ಈ ಸೂತ್ರವನ್ನು ನನಗೆ ತಿಳಿಸಿಕೊಟ್ಟವನು ಇತಿಹಾಸದ ಪಂಡಿತನಲ್ಲ. ನಾನು ಎರಡು ರಾತ್ರಿ ತಂಗಿದ್ದ ತೋಟದ ಮನೆಯ ತರುಣ. 2020ರಲ್ಲಿ ಮಹಾಮಾರಿಯ ಕಾಲಕ್ಕೆ ಬೆಂಗಳೂರಿನ ಉದ್ಯೋಗವನ್ನು ಹೆಗಲಿಗೇರಿಸಿಕೊಂಡು ಊರಿಗೆ ಬಂದವನು, ಇಲ್ಲಿಯೇ ಉಳಿದಿದ್ದಾನೆ. ಹಗಲು ಗಣಕಯಂತ್ರದ ಮುಂದೆ ಕಚೇರಿಯ ಕೆಲಸ, ಸಂಜೆ ತಂದೆಯೊಡನೆ ತೋಟ. ಅಡಿಕೆ ಕೊಯ್ಲಿನ ದಿನಗಳವು. ಊಟವಾದ ಮೇಲೆ ಮನೆಮಂದಿಯೆಲ್ಲ ಜಗುಲಿಯಲ್ಲಿ ಅಡಿಕೆ ಸುಲಿಯಲು ಕುಳಿತರು. ಈತ ಮಾತ್ರ ಮೂಲೆಯಲ್ಲಿ ಗಣಕಯಂತ್ರವನ್ನು ತೆರೆದು ನಕ್ಷತ್ರಲೋಕಕ್ಕೆ ಹೊರಟಿದ್ದ.

“ಬನ್ನಿ ಮಾವ, ನೀವು ನೋಡಬೇಕೆಂದ ಘಟ್ಟದ ಕಳ್ಳರು ಇಲ್ಲಿದ್ದಾರೆ” ಎಂದ.

ಆ ಆಟದ ಹೆಸರು ಈವ್ ಆನ್‌ಲೈನ್. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನ ಸಂಸ್ಥೆಯೊಂದು 2003ರ ಮೇ ತಿಂಗಳಲ್ಲಿ ಅದನ್ನು ಹೊರತಂದಿತು. 7,000ಕ್ಕೂ ಹೆಚ್ಚು ನಕ್ಷತ್ರಮಂಡಲಗಳಿರುವ ಕಲ್ಪಿತ ಬ್ರಹ್ಮಾಂಡವೊಂದರಲ್ಲಿ, ಭೂಮಿಯ ನಾನಾ ದೇಶಗಳಲ್ಲಿ ಕುಳಿತ ಸಾವಿರಾರು ಜನ ಏಕಕಾಲದಲ್ಲಿ ವಿಹರಿಸುತ್ತಾರೆ. ಒಬ್ಬ ಗಣಿ ತೋಡುತ್ತಾನೆ, ಒಬ್ಬ ಹಡಗು ಕಟ್ಟುತ್ತಾನೆ, ಒಬ್ಬ ಸರಕು ಸಾಗಿಸುತ್ತಾನೆ, ಮತ್ತೊಬ್ಬ ಅದನ್ನು ದೋಚುತ್ತಾನೆ. ಇಲ್ಲಿ ದರೋಡೆ ನಿಯಮಕ್ಕೆ ವಿರುದ್ಧವಲ್ಲ. ಅದೂ ಒಂದು ಕಸುಬು! ಬೇರೆ ಆಟಗಳಲ್ಲಿ ಸತ್ತವನು ಎದ್ದು ನಿಂತರೆ ಮೊದಲಿನಂತೆ ಎಲ್ಲವೂ ಕೈಯಲ್ಲಿರುತ್ತದೆ. ಇಲ್ಲಿ ಹಾಗಲ್ಲ. ಹಡಗು ಒಡೆದರೆ ಒಡೆಯಿತು. ಅದರಲ್ಲಿನ ಸರಕಿನಲ್ಲಿ ಒಂದಷ್ಟು ನಾಶವಾಗುತ್ತದೆ, ಉಳಿದದ್ದು ಕೊಳ್ಳೆಗಾರರ ಪಾಲು. 2014ರ ಜನವರಿಯಲ್ಲಿ ಈ ಆಟದೊಳಗೆ ನಡೆದ ಒಂದು ಯುದ್ಧ ಇಪ್ಪತ್ತು ಗಂಟೆಗೂ ಮಿಕ್ಕಿ ಸಾಗಿತು. ಅದರಲ್ಲಿ ನಾಶವಾದ ಹಡಗುಗಳನ್ನು ನಿಜವಾದ ಹಣದ ಲೆಕ್ಕಕ್ಕೆ ತಂದರೆ ಸುಮಾರು 3 ಲಕ್ಷ ಡಾಲರ್ ಆಗುತ್ತದೆಂದು ಅಂದಾಜು ಮಾಡಿದರು.

ಒಂದು ಮಂಡಲದಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಹೋಗುವುದು ಮಹಾದ್ವಾರಗಳ ಮೂಲಕ. ಆಕಾಶ ಅನಂತವಾದರೂ ಸರಕಿನ ಹಡಗಿಗೆ ದಾರಿ ಆ ಬಾಗಿಲೊಂದೇ. ಹೊಂಚುಗಾರರು ಕುಳಿತುಕೊಳ್ಳುವುದೂ ಅಲ್ಲಿಯೇ. ನನಗೆ ಥಟ್ಟನೆ ದೇವಿಮನೆ ಘಟ್ಟದ ತಿರುವು ಕಣ್ಣಮುಂದೆ ಬಂತು.

“ಪೊಲೀಸರಿಲ್ಲವೇ?” ಎಂದು ಕೇಳಿದೆ.

“ಇದ್ದಾರೆ. ಆದರೆ ಎಲ್ಲೆಡೆಯೂ ಇಲ್ಲ” ಎಂದ. ಪ್ರತಿಯೊಂದು ಮಂಡಲಕ್ಕೂ ಭದ್ರತೆಯ ಅಂಕವೊಂದಿರುತ್ತದೆ. ಅಂಕ ಹೆಚ್ಚಿದ್ದಲ್ಲಿ ಕಾಂಕಾರ್ಡ್ ಎಂಬ ರಕ್ಷಣಾಪಡೆ ಇರುತ್ತದೆ. ಅದು ತಪ್ಪಿತಸ್ಥನ ಹಡಗನ್ನು ಖಂಡಿತವಾಗಿ ಪುಡಿಮಾಡುತ್ತದೆ. ಆದರೆ ಬರುವುದು ಗುಂಡು ಹಾರಿದ ಮೇಲೆ. ಹೋದ ಸರಕನ್ನು ಅದು ತಂದುಕೊಡುವುದಿಲ್ಲ. ಅಂಕ ತಗ್ಗಿದಂತೆ ಕಾವಲು ತೆಳುವಾಗುತ್ತದೆ, ಸೊನ್ನೆಗಿಳಿದರೆ ಬಲವಂತನದೇ ರಾಜ್ಯ. ಬೆಲೆಬಾಳುವ ಅದಿರು ಸಿಕ್ಕುವುದೂ ಅಂಥ ಕಡೆಯಲ್ಲಿಯೇ. ಸಿರಿಯೂ ಭಯವೂ ಒಂದೇ ದಾರಿಯಲ್ಲಿ ನಡೆಯುವುದು ಮೆಣಸಿನ ಕಾಲದಿಂದ ಬಂದ ಪದ್ಧತಿಯೇ ಇರಬೇಕು.

ಅವನು ಅರೆಭದ್ರ ಪ್ರಾಂತದ ಒಂದು ದ್ವಾರವನ್ನು ದಾಟಿದ. ಆಚೆ ಮೂರು ಹಡಗುಗಳು ನಿಂತಿದ್ದುವು. ನಾನು ಉಸಿರು ಬಿಗಿಹಿಡಿದೆ. ಅವನು ಮಾತ್ರ ಎರಡೂ ಕೈಗಳನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡುಬಿಟ್ಟ.

“ದ್ವಾರ ದಾಟಿ ಬಂದವನು ಒಂದು ನಿಮಿಷದವರೆಗೆ ಯಾರಿಗೂ ಕಾಣುವುದಿಲ್ಲ, ಮಾವ. ಅಲುಗಾಡಿದರೆ ಮಾತ್ರ ಕಾಣುತ್ತಾನೆ. ಹೊಸಬರು ಗಾಬರಿಯಿಂದ ಓಡಲು ಹೋಗಿ ಸಾಯುತ್ತಾರೆ. ಈ ಒಂದು ನಿಮಿಷ ಯೋಚಿಸುವುದಕ್ಕೆ.”

ಆ ನಿಮಿಷದಲ್ಲಿ ಅವನು ಮಾಡಿದ್ದು ಇಷ್ಟು. ಪಕ್ಕದ ಪಟ್ಟಿಯಲ್ಲಿ ಆ ಮಂಡಲದಲ್ಲಿ ಯಾರು ಯಾರಿದ್ದಾರೆಂದು ಓದಿದ. ಕೊಳ್ಳೆಗೆ ಕುಖ್ಯಾತರಾದವರ ಹೆಸರಿನ ಮುಂದೆ ಅವನೇ ಹಿಂದೆ ಗುರುತು ಹಾಕಿಟ್ಟಿದ್ದ. ಎದುರು ನಿಂತ ಹಡಗುಗಳು ಯಾವ ಜಾತಿಯವು, ಗುರಿ ಹಿಡಿಯಲು ಅವಕ್ಕೆ ಎಷ್ಟು ಸಮಯ ಬೇಕು ಎಂದು ಲೆಕ್ಕಹಾಕಿದ. ತನ್ನದು ಹಗುರವಾದ ಸಣ್ಣ ಹಡಗು. ಅವು ದೊಡ್ಡವು, ನಿಧಾನ. ಮುಂದಿನ ದ್ವಾರದ ಕಡೆಗೆ ಹೋಗದೆ, ಯಾರೂ ನಿರೀಕ್ಷಿಸದ ಪಕ್ಕದ ದಿಕ್ಕಿನಲ್ಲಿ ತಾನು ಮೊದಲೇ ಗುರುತಿಸಿಟ್ಟಿದ್ದ ಜಾಗಕ್ಕೆ ಹಡಗನ್ನು ತಿರುಗಿಸಿದ. ಗುಂಡಿನ ಕಿಡಿ ಹಾರುವಷ್ಟರಲ್ಲಿ ಹಡಗು ಅಲ್ಲಿರಲಿಲ್ಲ.

“ಇನ್ನು?” ಎಂದೆ.

“ಇನ್ನು ಅಡಿಕೆ ಸುಲಿಯುವುದು” ಎಂದು ನಗುತ್ತ ಎದ್ದು ಬಂದು ಕತ್ತಿ ಹಿಡಿದು ಕುಳಿತ. ಹೊಂಚುಗಾರನಿಗೆ ದೊಡ್ಡ ಶತ್ರು ಬೇಸರವಂತೆ. ಮುಕ್ಕಾಲು ತಾಸು ಕಳೆದು ನೋಡುವಾಗ ಆ ಮೂವರು ಬೇರೆ ಬೇಟೆ ಅರಸಿ ಹೋಗಿದ್ದರು. ಇವನು ನೆಮ್ಮದಿಯಿಂದ ದ್ವಾರ ದಾಟಿದ.

ಈ ವಿವೇಕ ಅವನಿಗೆ ಪುಕ್ಕಟೆಯಾಗಿ ಬಂದುದಲ್ಲ. ಹಿಂದಿನ ಮಳೆಗಾಲದಲ್ಲಿ, ಮೂರು ತಿಂಗಳ ರಾತ್ರಿಗಳ ಸಂಪಾದನೆಯನ್ನೆಲ್ಲ ಒಂದೇ ದೊಡ್ಡ ಹಡಗಿಗೆ ಹೇರಿದ್ದನಂತೆ. ಭದ್ರವಾದ ಪ್ರಾಂತ, ಭಯವೇನೆಂದು ಹಡಗನ್ನು ತಾನೇ ಸಾಗುವಂತೆ ಬಿಟ್ಟು ಊಟಕ್ಕೆ ಎದ್ದ. ತಾನೇ ಸಾಗುವ ಹಡಗು ಪ್ರತಿ ದ್ವಾರಕ್ಕೂ ಸ್ವಲ್ಪ ಮುಂಚೆಯೇ ನಿಂತು, ಉಳಿದ ದೂರವನ್ನು ಮೆಲ್ಲಗೆ ತೆವಳುತ್ತದೆ. ಹೊಂಚುಗಾರರಿಗೆ ಅಷ್ಟೇ ಸಾಕು. ಅಗ್ಗದ ಹಡಗುಗಳಲ್ಲಿ ಗುಂಪಾಗಿ ಬಂದು ಎರಗಿದರು. ರಕ್ಷಣಾಪಡೆ ಬಂದು ಅವರನ್ನೆಲ್ಲ ಸುಟ್ಟಿತು. ಅವರಿಗೇನು ನಷ್ಟ? ದೂರದಲ್ಲಿ ಕಾದಿದ್ದ ಅವರ ಜೊತೆಗಾರ ಸರಕನ್ನು ಬಾಚಿಕೊಂಡು ನಡೆದ. ಈತ ಸಾರು ಅನ್ನ ಮುಗಿಸಿ ಬಂದು ನೋಡಿದರೆ, ಮೊಟ್ಟೆಯಂಥ ಪುಟ್ಟ ಕೋಶವೊಂದರಲ್ಲಿ ತಾನೊಬ್ಬನೇ ತೇಲುತ್ತಿದ್ದ.

ಆ ರಾತ್ರಿ ಅವನ ಮುಖ ನೋಡಿ ಅಜ್ಜಿ ಕೇಳಿದ್ದರಂತೆ: “ಕಳೆದುಹೋದದ್ದು ನಿಜವಾದದ್ದೋ, ಆಟದ್ದೋ?” ಮೊಮ್ಮಗ ಉತ್ತರ ಹೇಳಲಿಲ್ಲ. ಅಜ್ಜಿಯೇ ಸ್ವಲ್ಪ ಹೊತ್ತು ಬಿಟ್ಟು, “ಮೂರು ತಿಂಗಳು ಕೂತದ್ದಂತೂ ನಿಜ. ಅಷ್ಟರಮಟ್ಟಿಗೆ ಹೋದದ್ದೂ ನಿಜ” ಎಂದು ತೀರ್ಪು ಕೊಟ್ಟರು. ಇದಕ್ಕಿಂತ ನ್ಯಾಯವಾದ ಮಾತನ್ನು ಈ ಆಟದ ಬಗ್ಗೆ ನಾನು ಇನ್ನೆಲ್ಲಿಯೂ ಕೇಳಿಲ್ಲ. ಅಂದಿನಿಂದ ಅವನು ಭಾರವನ್ನು ನಾಲ್ಕು ಪಾಲು ಮಾಡಿ ನಾಲ್ಕು ಬಾರಿ ಒಯ್ಯುತ್ತಾನೆ. ಕಳೆದುಕೊಂಡರೆ ತಡೆದುಕೊಳ್ಳಲಾರದಷ್ಟನ್ನು ಹಡಗಿಗೆ ಹೇರಬಾರದೆಂಬುದು ಆ ಲೋಕದ ಹಳಬರೆಲ್ಲರೂ ಹೊಸಬರಿಗೆ ಹೇಳುವ ಮೊದಲ ಪಾಠವಂತೆ.

ಕಣ್ಣಿಟ್ಟು ನೋಡುವುದರ ಬೆಲೆಗೆ ಈ ಜಿಲ್ಲೆಯ ಕಡಲಿನಲ್ಲಿಯೇ ಹಳೆಯ ನಿದರ್ಶನವೊಂದಿದೆ. 1498ರಲ್ಲಿ ವಾಸ್ಕೋ ಡ ಗಾಮ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ನಿಲ್ಲಿಸಿಕೊಂಡಿದ್ದ. ಹೊನ್ನಾವರದ ಕಡಲನಾಯಕ ತಿಮ್ಮೋಜ ಎಂಟು ದೋಣಿಗಳನ್ನು ಒಂದಕ್ಕೊಂದು ಬಿಗಿದು, ಹಸಿರು ಕೊಂಬೆಗಳಿಂದ ಮುಚ್ಚಿ, ತೇಲುವ ತೋಪಿನಂತೆ ಕಾಣುವ ಹಾಗೆ ಮಾಡಿ ಅವನ ಮೇಲೆ ಬಿಟ್ಟನೆಂದು ಪೋರ್ಚುಗೀಸರ ವೃತ್ತಾಂತಗಳು ಹೇಳುತ್ತವೆ. ಗಾಮ ಮೋಸಹೋಗಲಿಲ್ಲ, ಹತ್ತಿರಕ್ಕೆ ಬರುವ ಮೊದಲೇ ಫಿರಂಗಿ ಹಾರಿಸಿದ, ತೋಪು ಚದುರಿತು. ಇದೇ ತಿಮ್ಮೋಜ 1510ರಲ್ಲಿ ಗೋವೆಯನ್ನು ಹಿಡಿಯಲು ಆಲ್ಬುಕರ್ಕನಿಗೆ ನೆರವಾದನೆಂಬುದು ಚರಿತ್ರೆಯ ಇನ್ನೊಂದು ತಿರುವು. ನಮ್ಮ ತರುಣನಿಗೆ ಈ ಕಥೆ ಹೇಳಿದೆ. “ನಮ್ಮಲ್ಲಿಯೂ ಹಾಗೆಯೇ, ಮಾವ. ಒಂಟಿಯಾಗಿ, ಬಡಪಾಯಿಯಂತೆ ನಿಂತ ಹಡಗು ಕಂಡರೆ ಅದು ಗಾಳದ ಹುಳು” ಎಂದ.

ಹೊಂಚಿಗೆ ಸಿಕ್ಕಿದ್ದು ಎತ್ತಿನ ಹೇರು ಮಾತ್ರವೇ? ಸೋದೆಯ ರಾಜ್ಯವೇ ಒಂದು ದಿನ ಸಿಕ್ಕಿಬಿದ್ದಿತು. 1763–64ರಲ್ಲಿ ಹೈದರಾಲಿಯ ಸೈನ್ಯ ಎರಗಿದಾಗ ಇಲ್ಲಿಯ ಅರಸು ಕೋಟೆ ಪೇಟೆಗಳನ್ನು ಬಿಟ್ಟು ಘಟ್ಟವಿಳಿದು ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಅವನ ವಂಶ ಅಲ್ಲಿಯೇ ನೆಲೆಸಿತು. ಸಿಂಹಾಸನ ಮಾತ್ರ ಮರಳಿ ಬರಲಿಲ್ಲ. ಹಡಗು ಒಡೆದು ಪುಟ್ಟ ಕೋಶದಲ್ಲಿ ಪಾರಾದವನ ಕಥೆಯೇ ಇದು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸುವ ಕಾಲಕ್ಕೆ ರಾಜಧಾನಿಯ ವೈಭವ ಮುಗಿದಿತ್ತು. ಆದರೂ ಅಡಿಕೆ ಮೆಣಸುಗಳ ತೋಟಗಾರಿಕೆಯ ಬಗ್ಗೆ ಅವನಿಗೆ ಬರೆದುಕೊಳ್ಳಲು ಬೇಕಾದಷ್ಟಿತ್ತು. ಕೋಟೆ ಬಿದ್ದಿತು, ತೋಟ ಉಳಿಯಿತು, ಮಠಗಳು ಉಳಿದುವು. ಒಂದೇ ಕಡೆ ಹೇರಿಟ್ಟ ಸಿರಿ ಹೋಯಿತು. ಮನೆಮನೆಗೆ ಹಂಚಿಹೋಗಿದ್ದ ವಿದ್ಯೆ, ಬಳ್ಳಿ, ಪೂಜೆ ಇವು ಬದುಕಿಕೊಂಡುವು.

ಮರುದಿನ ಬೆಳಿಗ್ಗೆ ತರುಣನ ತಂದೆ ತೋಟ ತೋರಿಸಿದರು. ಮಗನ ಆಟವೆಂದರೆ ಅವರಿಗೆ ಅಷ್ಟಕ್ಕಷ್ಟೆ. ಆದರೆ ಅವರು ಹೇಳಿದ್ದೂ ಅದೇ ಪಾಠ. ಕೊಳೆರೋಗ ಮಳೆಯ ಮರೆಯಲ್ಲಿ ಕಾದು ಎರಗುವ ಶತ್ರು. ಅಡಿಕೆ ಉದುರತೊಡಗಿದ ಮೇಲೆ ಓಡಾಡಿ ಫಲವಿಲ್ಲ. ಮಳೆ ಹಿಡಿಯುವ ಮೊದಲೇ ಮೈಲುತುತ್ತ ಸುಣ್ಣಗಳ ಮದ್ದು ಗೊನೆಗೆ ಬಿದ್ದಿರಬೇಕು. ಕೊಯ್ದ ಅಡಿಕೆಯನ್ನೂ ಅವರು ಒಂದೇ ಬಾರಿಗೆ ಶಿರಸಿಯ ಪೇಟೆಗೆ ಒಯ್ಯುವುದಿಲ್ಲ. “ದರ ಯಾವಾಗ ಬೀಳುತ್ತದೆಂದು ಯಾರು ಬಲ್ಲರು? ನಾಲ್ಕು ಸಲ ಒಯ್ದರೆ ಒಂದು ಸಲ ಸೋತರೂ ಮೂರು ಸಲ ಉಳಿದೀತು” ಎಂದರು. ಹಿಂದೆ ನಿಂತಿದ್ದ ಮಗ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ತಂದೆಗೆ ಅದು ಕಾಣಲಿಲ್ಲ.

ಸ್ವರ್ಣವಲ್ಲಿಗೆ ಹೋಗಬಯಸುವವರಿಗೆ ಮಳೆ ನಿಂತ ಮೇಲಿನ ತಿಂಗಳುಗಳು ಅನುಕೂಲ. ಶಿವರಾತ್ರಿಯ ಹೊತ್ತಿಗೆ ಶಾಲ್ಮಲೆಯ ನೀರು ಇಳಿದು ಲಿಂಗಗಳು ಚೆನ್ನಾಗಿ ಕಾಣುತ್ತವೆ. ಮಕ್ಕಳಿದ್ದವರು ನದಿಯ ಪಾಚಿಗಟ್ಟಿದ ಬಂಡೆಗಳ ಮೇಲೆ ಎಚ್ಚರದಿಂದಿರಬೇಕು. ಮರಳುವಾಗ ಸಮಯವಿದ್ದರೆ ದೇವಿಮನೆ ಘಟ್ಟವಿಳಿದು ಕುಮಟೆಯ ಮಾರ್ಗವಾಗಿ ಹೋಗಿರಿ. ಇಳಿಜಾರಿನ ಆ ಇಕ್ಕಟ್ಟಾದ ತಿರುವುಗಳಲ್ಲಿ ಒಂದು ಗಳಿಗೆ ನಿದ್ದೆಯನ್ನು ಬದಿಗಿಟ್ಟು ಹೊರಗೆ ನೋಡಿರಿ. ನಮ್ಮ ಹಿರಿಯರು ವರ್ಷದ ಬೆಳೆಯನ್ನು ಬೆನ್ನ ಮೇಲೆ ಹೊರಿಸಿಕೊಂಡು, ಕಿವಿ ನಿಮಿರಿಸಿಕೊಂಡು ಇಳಿದುಹೋದ ಬಾಗಿಲು ಅದೇ.