ಉಚ್ಚ ವಿಚಾರಗಳು

ಈ ಸಂಪುಟದ ಸಂಪಾದಕರು ನನ್ನಿಂದ ಅಪೇಕ್ಷಿಸಿದ್ದು ಕನ್ನಡ–ತೆಲುಗು ಬಾಂಧವ್ಯವನ್ನು ಕುರಿತ ಒಂದು ಗಂಭೀರ ಲೇಖನವನ್ನು. ಪಂಪ, ಶ್ರೀನಾಥ, ಕೃಷ್ಣದೇವರಾಯರ ಹೆಸರುಗಳನ್ನು ಬರೆದಿಟ್ಟುಕೊಂಡು ಕುಳಿತದ್ದೂ ಉಂಟು. ಆದರೆ ಆ ಬಾಂಧವ್ಯ ನನ್ನ ಅನುಭವಕ್ಕೆ ಬಂದದ್ದು ಸೀನು, ಹೇಲು, ಉಚ್ಚೆ ಮೊದಲಾದ, ಇಂಥ ಸಂಪುಟಗಳಲ್ಲಿ ಅಚ್ಚಾಗದ ಮಾತುಗಳ ಮೂಲಕ. ಹಿರಿಯರು ಮೂಗು ಮುಚ್ಚಿಕೊಂಡಾದರೂ ಓದಬೇಕೆಂದು ಪ್ರಾರ್ಥನೆ.

ಕೆಲವು ವರ್ಷಗಳ ಹಿಂದೆ ವಿಶಾಖಪಟ್ಟಣದಲ್ಲಿ ನಡೆದ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಆತಿಥೇಯರ ಭಾಷೆಯಲ್ಲಿ ನಾಲ್ಕು ಮಾತಾಡುವುದು ಸೌಜನ್ಯವೆಂದು ಒಂದು ಪುಟದಷ್ಟು ತೆಲುಗನ್ನು ಬಾಯಿಪಾಠ ಮಾಡಿಕೊಂಡಿದ್ದೆ. ತಿಳಿಯದ ಕಡೆ ಸಂಸ್ಕೃತ ಪದವನ್ನಿಟ್ಟರೆ ಯಾವ ಭಾಷೆಯಲ್ಲೂ ಮಾನ ಉಳಿಯುತ್ತದೆಂಬುದು ನಮ್ಮ ಪಂಡಿತವರ್ಗದ ನಂಬಿಕೆಯಷ್ಟೆ. ನನ್ನ ಊರು ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿ. ಆದ್ದರಿಂದ ‘ನೇನು ದೊಡ್ಡಿನುಂಚಿ ವಸ್ತುನ್ನಾನು’ ಎಂದು ಆರಂಭಿಸಿದೆ. ಮುಂದಿನ ಸಾಲಿನ ಮಹನೀಯರೊಬ್ಬರ ಕರವಸ್ತ್ರ ಬಾಯಿಗೆ ಹೋಯಿತು. ‘ಉಚ್ಚ ವಿದ್ಯಾರಂಗಂಲೋ ಮುಪ್ಪೈ ಏಳ್ಳುಗಾ ಉನ್ನಾನು’ ಎಂದಾಗ ಹಿಂದಿನ ಸಾಲಿನ ವಿದ್ಯಾರ್ಥಿಗಳು ಬೆಂಚಿನ ಕೆಳಗೇ ಇಳಿದರು.

ಊಟದ ವೇಳೆಯಲ್ಲಿ ತೆಲುಗು ಅಧ್ಯಾಪಕ ಮಿತ್ರರೊಬ್ಬರು, ರೋಗಿಗೆ ರೋಗದ ಹೆಸರು ತಿಳಿಸುವ ವೈದ್ಯರ ನಾಜೂಕಿನಿಂದ, ವಿಷಯವನ್ನು ಬಿಡಿಸಿ ಹೇಳಿದರು. ನಮ್ಮಲ್ಲಿ ದೊಡ್ಡಿಯೆಂದರೆ ದನ ಕೂಡುವ ಜಾಗ. ಅವರಲ್ಲಿ ಅದು ಹಿತ್ತಲೂ ಹೌದು. ಹಿತ್ತಲಿಗೆ ಜನ ಹೋಗುತ್ತಿದ್ದುದು ಯಾವ ಕಾರ್ಯಕ್ಕೆಂಬುದನ್ನು ವಿವರಿಸಬೇಕಾಗಿಲ್ಲ. ನಾವು ‘ಹೊರಕಡೆಗೆ ಹೋಗುವುದು’ ಎನ್ನುವುದನ್ನು ಅವರು ‘ದೊಡ್ಡಿಕಿ ವೆಳ್ಳಡಂ’ ಎನ್ನುತ್ತಾರೆ. ಶೌಚಾಲಯಕ್ಕೆ ಸರ್ಕಾರಿ ಹೆಸರೇ ‘ಮರುಗುದೊಡ್ಡಿ’. ಇನ್ನು ‘ಉಚ್ಚ’ ಎಂಬುದು ಆಡುಮಾತಿನಲ್ಲಿ ನಮ್ಮ ಉಚ್ಚೆಯೇ. ಮೇಲ್ಮಟ್ಟದ ಶಿಕ್ಷಣವನ್ನು ಅವರು ‘ಉನ್ನತ ವಿದ್ಯ’ ಎಂದು ಕರೆದು ಪಾರಾಗಿದ್ದಾರೆ. ಅಂದರೆ ನಾನು ಈಗತಾನೇ ಪಾಯಖಾನೆಯಿಂದ ಬರುತ್ತಿರುವೆನೆಂದೂ, ಮೂವತ್ತು ವರ್ಷಗಳಿಂದ ಮೂತ್ರದ ಕ್ಷೇತ್ರದಲ್ಲಿ ದುಡಿಯುತ್ತಿರುವೆನೆಂದೂ ಸಭೆಗೆ ನಿವೇದಿಸಿದ್ದೆ. ಎರಡನೆಯ ಹೇಳಿಕೆ ಅಷ್ಟೇನೂ ಅಸತ್ಯವಲ್ಲವೆಂದು ನನ್ನ ಸಹೋದ್ಯೋಗಿಗಳೊಬ್ಬರ ಅಭಿಪ್ರಾಯ. ಇರಲಿ.

ಸಂಜೆ ಭೀಮುನಿಪಟ್ಟಣದಲ್ಲಿ ಡಚ್ಚರ ಹಳೆಯ ಗೋರಿಗಳನ್ನು ತೋರಿಸಿದರು. ನಮ್ಮ ‘ಕಕ್ಕಸು’ ಡಚ್ಚರ ಮಾತಿನಿಂದ ಬಂದದ್ದೆನ್ನುತ್ತಾರೆ. ಲವಂಗ, ಬಟ್ಟೆಗಳಿಗಾಗಿ ಕಡಲು ದಾಟಿ ಬಂದವರು ನಮಗೆ ಬಿಟ್ಟುಹೋದದ್ದು ಇದನ್ನೇ ಎಂದು ಆ ಗೋರಿಗಳ ಮುಂದೆ ಗೌರವದಿಂದ ನಿಂತೆ.

ಅಂದು ರಾತ್ರಿ ವಿಜಯವಾಡದಿಂದ ತಂಗಿಯ ದೂರವಾಣಿ ಬಂತು. ಅವಳ ಮನೆಯಲ್ಲಿದ್ದ ಅವ್ವ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು, ಮರುದಿನವೇ ಶಸ್ತ್ರಚಿಕಿತ್ಸೆ. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಬೆಜವಾಡದಲ್ಲಿ ಹುಟ್ಟಿ 1930ರಲ್ಲಿ ವಾಲ್ಟೇರಿಗೆ ಸಾಗಿತಂತೆ; ನಾನು ಎದುರು ದಿಕ್ಕಿನಲ್ಲಿ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದೆ. 350 ಕಿಲೋಮೀಟರು. ಎದುರು ಕುಳಿತ ತಾಯಿಯೊಬ್ಬಳು ಮಗಳ ಕೂದಲನ್ನು ಬಿಡಿಸುತ್ತ ‘ತಲನಿಂಡಾ ಪೇಲೇ’ ಎಂದು ಗೋಳಾಡುತ್ತಿದ್ದಳು. ಅವರ ‘ಪೇಲು’ ನಮ್ಮ ಹೇನುಗಳೆಂಬ ಅರಿವಿದ್ದರೂ, ಹಳಗನ್ನಡ ಓದಿದ ತಲೆ ಪಕಾರ ಹಕಾರವಾಗುವ ದಾರಿಯಲ್ಲೇ ನಡೆದು, ಆ ಹುಡುಗಿಯ ತಲೆಯಲ್ಲಿ ಹೇಳಬಾರದ್ದನ್ನು ಕಂಡಿತು. ನಾನು ‘ಸೀನು’ ಎಂದು ಗೊಣಗಿ ಮೂಗು ಹಿಡಿದುಕೊಂಡರೆ ಪಕ್ಕದ ವೃದ್ಧರು ಶ್ರೀನಿವಾಸನೆಂಬುವನು ಬಂದನೆಂದು ಬಾಗಿಲ ಕಡೆ ನೋಡಿದರು. ಅವರ ಸೀನು ‘ತುಮ್ಮು’.

ಉಗುಳುವುದು, ತೇಗುವುದು, ಕಕ್ಕುವುದು ಇಂಥ ಮಾತುಗಳು ಲಕ್ಷಣೆಯಲ್ಲಿ ಬಂದರೆ ಸೊಗಸು, ಮುಖ್ಯಾರ್ಥದಲ್ಲಿ ಬಂದರೆ ಗ್ರಾಮ್ಯ ಎಂದು ದಂಡಿಯ ಮತ. ದೀಪ ಬೆಳಕನ್ನು ಕಕ್ಕಬಹುದು, ಮನುಷ್ಯ ಅನ್ನವನ್ನು ಕಕ್ಕಬಾರದು! ಕವಿರಾಜಮಾರ್ಗದ ಪಾಠಕ್ಕೆ ಪೀಠಿಕೆಯಾಗಿ ಇದನ್ನು ವರ್ಷವರ್ಷವೂ ಹೇಳಿ, ಹುಡುಗರು ನಕ್ಕಾಗ ಗದರಿಸಿದವನು ನಾನು. ಪಾದ್ರಿಯಾಗಿದ್ದ ಕಿಟ್ಟೆಲ್ ತಮ್ಮ 1894ರ ನಿಘಂಟಿನಲ್ಲಿ ಈ ಪದಗಳಿಗೂ ಯಾವ ಸಂಕೋಚವಿಲ್ಲದೆ ಜಾಗ ಕೊಟ್ಟಿದ್ದಾರೆ. ಆ ಪುಟಗಳನ್ನು ನಾನು ಬಾಗಿಲು ಹಾಕಿಕೊಂಡು ನೋಡುತ್ತಿದ್ದೆ.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಮೂರನೆಯ ಬೆಳಿಗ್ಗೆ ಮೂತ್ರದ ನಳಿಕೆಯನ್ನು ತೆಗೆದ ವೈದ್ಯರು, ಕೆಲವು ಗಂಟೆಗಳೊಳಗೆ ತಾನಾಗಿ ಹೋಗದಿದ್ದರೆ ತೊಂದರೆ, ಕೇಳುತ್ತಿರಿ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿ ಹೋದರು. ತಂಗಿ ಸ್ನಾನಕ್ಕೆಂದು ಮನೆಗೆ ಹೋಗಿದ್ದಳು. ನಾನು ಕೇಳಬೇಕು. ಆದರೆ ಅವ್ವನನ್ನು ಯಾವ ಮಾತಿನಲ್ಲಿ ಕೇಳುವುದು? ನನಗೆ ಚಡ್ಡಿ ಬಿಚ್ಚಿ ‘ಸೂಸು ಮಾಡು ಮಗ’ ಎಂದವಳನ್ನು? ‘ಅವ್ವ, ಮೂತ್ರವಿಸರ್ಜನೆ ಏನಾದರೂ...’ ಎಂದೆ. ಅವಳು ಗೋಡೆಯ ಕಡೆ ತಿರುಗಿ, ‘ಏನಿಲ್ಲ ಮಗ, ಚೆನ್ನಾಗಿವ್ನಿ’ ಎಂದಳು. ನಾನು ಅಷ್ಟಕ್ಕೇ ಸಮಾಧಾನಪಟ್ಟು ಪತ್ರಿಕೆ ಬಿಡಿಸಿದೆ. ಮಧ್ಯಾಹ್ನವಾಯಿತು. ಅವಳ ಹಣೆಯಲ್ಲಿ ಬೆವರಿತ್ತು. ಸೆಕೆಯೆಂದುಕೊಂಡೆ.

ಆಗ ಚಿಕ್ಕ ವಯಸ್ಸಿನ ದಾದಿಯೊಬ್ಬಳು ಬಂದು, ‘ಒಂಟಿಕಿ ವೆಳ್ಳಾರಾ?’ ಎಂದಳು. ನಾವು ಶಾಲೆಯಲ್ಲಿ ಬೆರಳೆತ್ತಿ ‘ಒಂದಕ್ಕೆ’ ಎನ್ನುತ್ತಿದ್ದೆವಲ್ಲ, ಅದೇ. ಅವ್ವನಿಗೆ ಕೇಳಿಸಿದ್ದು ‘ಒಂಟಿ’ ಮಾತ್ರ. ಅಪ್ಪ ಹೋಗಿ ಹನ್ನೊಂದು ವರ್ಷವಾಗಿತ್ತು. ‘ಒಂಟಿ ಯಾಕವ್ವ, ಮಗ ಬಂದವ್ನಲ್ಲ’ ಎಂದು ನನ್ನನ್ನು ತೋರಿಸಿದಳು. ದಾದಿ ನನ್ನ ಮುಖ ನೋಡಿದಳು. ನಾನು ಅವ್ವನ ಮುಖ ನೋಡಿದೆ. ದಾದಿ ಮಂಚದ ಮೇಲೆ ಬಗ್ಗಿ, ಕಿವಿಯ ಹತ್ತಿರ, ಮೆಲ್ಲಗೆ ‘ಉಚ್ಚ ಪೋಶಾರಾ ಮಾಮ್ಮಾ?’ ಎಂದಳು.

‘ಉಚ್ಚೆನಾ? ಬೆಳಗಿಂದ ಉಯ್ದೇ ಇಲ್ಲ ಕಣವ್ವ, ಹೊಟ್ಟೆ ಬಿಗ್ಕೊಂಡು ಪ್ರಾಣ ಹೋಯ್ತದೆ!’

ನಾಮಪದವಷ್ಟೇ ಅಲ್ಲ, ಕ್ರಿಯಾಪದವೂ ಒಂದೇ. ಪೋಯು, ಹೊಯ್ಯು, ನಮ್ಮೂರಿನ ಉಯ್ಯು. ಆದರೆ ಈ ಜ್ಞಾತಿಪದಗಳ ಸಂಬಂಧ ನನಗೆ ಹೊಳೆದದ್ದು ಬಹಳ ತಡವಾಗಿ. ಅಷ್ಟರಲ್ಲಿ ದಾದಿ ಪರದೆ ಎಳೆದು ನನ್ನನ್ನು ಹೊರಗೆ ಕಳುಹಿಸಿದ್ದಳು. ಮತ್ತೆ ನಳಿಕೆ ಹಾಕಬೇಕಾಯಿತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತೆಂದು ವೈದ್ಯರು ನನಗೆ ಹೇಳಿದರು, ಇಂಗ್ಲಿಷಿನಲ್ಲಿಯೇ.

ಒಳಗೆ ಹೋದಾಗ ಅವ್ವನ ಮುಖ ತಿಳಿಯಾಗಿತ್ತು. ಹತ್ತಿರ ಕರೆದು, ‘ಆ ಮಗಿ ನಮ್ಮ ಕಡೆಯೋಳೇ ಕಣೋ. ಯಾವ ದೊಡ್ಡಿಯಿಂದ ಬಂದವಳೆ, ಕೇಳು’ ಎಂದಳು.

ನಾನು ಕೇಳಲಿಲ್ಲ.