ಜಲದುರ್ಗದ ದಾರಿಯಲ್ಲಿ ಒಂದು ತಂಬಿಗೆ ನೀರು

ಹೋದ ಭಾನುವಾರ ಮಗಳ ಜೊತೆ ಜಲದುರ್ಗಕ್ಕೆ ಹೋಗಿದ್ದೆ. ಕೋಟೆ ಮೇಲೆ ನಿಂತ ಫೋಟೋ ಹಾಕಿದ ಮೇಲೆ ಬಹಳ ಮಂದಿ ಲೈಕ್ ಒತ್ತಿದ್ರಿ. "ಸೂಪರ್ ಅಣ್ಣಾ", "ನಮ್ಮನ್ನೂ ಕರೀಬೇಕಿತ್ತು" ಅಂತ ಕಾಮೆಂಟ್ ಹಾಕಿದ್ರಿ. ಆದ್ರೆ ಆ ಫೋಟೋಗಿಂತ ಒಂದು ತಾಸು ಮುಂಚೆ ಏನಾಯ್ತು ಅನ್ನೋದನ್ನ ನಾನು ಬರೆದಿರಲಿಲ್ಲ. ನಾಲ್ಕು ದಿನ ಆಯ್ತು, ಆಫೀಸಿನಲ್ಲಿ ಫೈಲ್ ಮುಂದೆ ಕೂತ್ರೂ ಅದೇ ನೆನಪು. ಅದಕ್ಕೇ ಇವತ್ತು ಪೂರ್ತಿ ಬರೀತಿದ್ದೀನಿ. ಉದ್ದ ಆಗ್ತದೆ, ಪುರುಸೊತ್ತಿದ್ದಾಗ ಓದ್ರಿ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಜಲದುರ್ಗ ನಮ್ಮ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲಿದೆ. ನಾರಾಯಣಪುರದ ಬಸವಸಾಗರ ಅಣೆಕಟ್ಟು ದಾಟಿ ಬಂದ ಕೃಷ್ಣೆ ಇಲ್ಲಿ ಬಂಡೆ ಸೀಳಿಕೊಂಡು ಕವಲೊಡೆದು ಹರೀತಾಳೆ. ಕವಲುಗಳ ನಡುವಿನ ಗುಡ್ಡದ ಮೇಲೆ ಕೋಟೆ. ದಖನ್ ಪ್ರಸ್ಥಭೂಮಿಯಿಂದ ನದಿ ಕೆಳಗಿನ ಬಯಲಿಗೆ ಇಳಿಯೋದು ಇದೇ ಭಾಗದಲ್ಲಿ. ಸುಮಾರು 3 ಮೈಲಿಯೊಳಗೆ 400 ಅಡಿ ಇಳೀತಾಳೆ ಅಂತ ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳ್ತದೆ. ಮಳೆಗಾಲದಲ್ಲಿ ಅಣೆಕಟ್ಟಿನ ಗೇಟು ತೆರೆದಾಗ ಶೀಲಹಳ್ಳಿ ಸೇತುವೆ ಮುಳುಗಿದ್ದು, ಗಡ್ಡಿಗಳ ಜನ ಆಚೆ ದಂಡೆಯಲ್ಲೇ ಉಳಿದಿದ್ದು ನೀವು ಪೇಪರಿನಲ್ಲಿ ಓದಿರ್ತೀರಿ. ಅದೇ ಸೀಮೆ.

ಬೇಸಿಗೆಯಲ್ಲಿ ನೀರು ಇಳಿದಿರ್ತದೆ. ಲಿಂಗಸುಗೂರಿನ ಗೆಳೆಯನ ಬೈಕ್ ತಗೊಂಡು ಬೆಳಿಗ್ಗೆ ಆರಕ್ಕೇ ಬಿಟ್ವಿ. ಒಂದು ಹಳ್ಳಿ ಹೊರಗೆ ಬೈಕ್ ನಿಲ್ಲಿಸಿ ನದಿ ಗುಂಟ ನಡೆದ್ವಿ. ದಾರಿ ಅಂತ ಏನಿಲ್ಲ, ಕುರಿಗಾರರು ತುಳಿದದ್ದೇ ದಾರಿ. ಆಮೇಲೆ ಅದೂ ಇಲ್ಲ, ಬರೀ ಬಂಡೆ. ನೀರು ಕೊರೆದ ಗುಂಡಿಗಳು ಎಲ್ಲೆಲ್ಲೂ. ಕೆಲವು ಹಗೇವಿನಂಗೆ ದುಂಡಗೆ, ಆಳ. ಕಾಲು ಜಾರದಂಗೆ ಒಬ್ಬರ ಕೈ ಒಬ್ಬರು ಹಿಡಿದು ದಾಟಬೇಕು. ಮಗಳು ಪಿಯುಸಿ ಎರಡನೇ ವರ್ಷ. ಅವಳು ಬೂಟು ಹಾಕಿದ್ದಳು, ನಾನು ಆಫೀಸಿನ ಚಪ್ಪಲಿ. ಬಿದ್ದವನು ನಾನೇ. ಮೊಣಕಾಲು ತರಚಿತು.

ನಡೀತಾ ನಡೀತಾ ಅವಳಿಗೆ ಈ ಸೀಮೆ ಕಥೆ ಹೇಳ್ತಿದ್ದೆ. ಕೃಷ್ಣೆ ಮತ್ತು ತುಂಗಭದ್ರೆ ನಡುವಿನ ನೆಲ ಇದು, ರಾಯಚೂರು ದೋಆಬ್. ಇದಕ್ಕಾಗಿ ಬಡಿದಾಡದ ರಾಜರೇ ಇಲ್ಲ. ಯಾದವರು, ಕಾಕತೀಯರು, ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು. ನದಿ ದಾಟುವ ಜಾಗ ಯಾರ ಕೈಲಿದೆಯೋ ಅವರದ್ದೇ ಗಡಿ. ಅದಕ್ಕೇ ರಾಯಚೂರು, ಮುದಗಲ್, ಜಲದುರ್ಗ ಅಂತ ಇಷ್ಟು ಹತ್ತಿರ ಹತ್ತಿರ ಕೋಟೆಗಳು. ಆಮೇಲೂ ಗಡಿ ನಿಲ್ಲಲಿಲ್ಲ. 1853ರಲ್ಲಿ ನಿಜಾಮ ಈ ದೋಆಬನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ, 1860ರಲ್ಲಿ ಅವರು ತಿರುಗಿ ಕೊಟ್ಟರು. 1948ರಲ್ಲಿ ನಿಜಾಮನ ಆಳ್ವಿಕೆ ಮುಗೀತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ.

"ಮತ್ತ ನಮ್ಮ ಮುತ್ಯಾ?" ಅಂದಳು.

ನಮ್ಮ ಮುತ್ಯಾ ನಿಜಾಮನ ಕಾಲದಲ್ಲಿ ಬೇಗಾರಿ ಮಾಡಿದವನು. ಅಧಿಕಾರಿ ಬಂದ್ರೆ ಅವರ ಸಾಮಾನು ಹೊತ್ತು ಮುಂದಿನ ಊರಿನ ಗಡಿ ತನಕ ಒಯ್ಯಬೇಕು. ಅಲ್ಲಿ ಆ ಊರಿನ ಕೇರಿಯವನ ತಲೆ ಮೇಲೆ ಇಳಿಸಿ ವಾಪಸ್ ಬರಬೇಕು. ಕೂಲಿ ಇಲ್ಲ. ಮಗಳಿಗೆ ಹೇಳಿದೆ: ನೋಡವ್ವಾ, ರಾಜರ ಗಡಿ ಎಷ್ಟು ಸಲ ಬದಲಾಯ್ತು, ಎಣಿಸು. ಊರಿಗೂ ಕೇರಿಗೂ ನಡುವಿನ ಗಡಿ ಎಷ್ಟು ಸಲ ಬದಲಾಯ್ತು, ಅದನ್ನೂ ಎಣಿಸು. ಆ ಗಡಿಗೆ ಕೋಟೆ ಬೇಕಾಗಲಿಲ್ಲ, ಕಂದಕ ಬೇಕಾಗಲಿಲ್ಲ.

ಮಾತು ಚೆನ್ನಾಗಿತ್ತು. ವೇದಿಕೆ ಮೇಲೆ ಹೇಳಿ ಹೇಳಿ ರೂಢಿ ಆಗಿದೆ ನನಗೆ. ಚಪ್ಪಾಳೆ ಬೀಳೋ ಮಾತು.

ಹತ್ತು ಗಂಟೆಗೆ ಎರಡೂ ಬಾಟ್ಲಿ ಖಾಲಿ. ಕಾದ ಬಂಡೆ ಮೇಲೆ ನಡೆದು ಗಂಟಲು ಒಣಗಿತ್ತು. ಪಕ್ಕದ ಸಣ್ಣ ಊರಿಗೆ ಏರಿದ್ವಿ. ಮೊದಲ ಮನೆ ಕಟ್ಟೆ ಮೇಲೆ ವಯಸ್ಸಾದ ಹೆಣ್ಣುಮಗಳು ಕೂತಿದ್ದಳು. "ಯವ್ವಾ, ಸ್ವಲ್ಪ ನೀರು ಕೊಡ್ರಿ" ಅಂದೆ. ಆಯಮ್ಮ ಎದ್ದಳು. ಹೊಸ್ತಿಲ ಹತ್ತಿರ ನಿಂತು ತಿರುಗಿ ನೋಡಿದಳು.

"ಯಾರ ಪೈಕಿ ನೀವು?"

"ರಾಯಚೂರಿನವರು ರೀ. ನೌಕರಿ ಮಾಡ್ತೀನಿ."

"ಅದಲ್ಲಪಾ. ಯಾವ ಮಂದಿ?"

ಗೆಳೆಯರೇ, ಇಪ್ಪತ್ತು ವರ್ಷದಿಂದ ಸಂಘಟನೆಯಲ್ಲಿದ್ದೀನಿ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದಕ್ಕೆ ಧರಣಿ ಕೂತಿದ್ದೀನಿ. ತಹಶೀಲ್ದಾರ್ ಮುಂದೆ, ಪೊಲೀಸರ ಮುಂದೆ ಎದೆ ಸೆಟೆಸಿ ನಮ್ಮ ಜಾತಿ ಹೆಸರು ಹೇಳಿದ್ದೀನಿ. ಆದ್ರೆ ಅವತ್ತು ಆ ಕಟ್ಟೆ ಮುಂದೆ, ಹಿಂದೆ ಯಾರೂ ಇಲ್ಲದಾಗ, ಬಾಯಿಂದ ಬಂದ ಮಾತು ಇದು:

"ನಿಮ್ಮೋರ ಅನ್ಕೋರಿ ಯವ್ವಾ."

ಆಯಮ್ಮನ ಮುಖ ಅರಳಿತು. ಹರವಿಯಿಂದ ತಣ್ಣನೆ ನೀರು ತುಂಬಿ ತಂಬಿಗೆ ಕೈಗೇ ಕೊಟ್ಟಳು. ಜೊತೆಗೆ ಬೆಲ್ಲ. ನಾನು ಗಟಗಟ ಕುಡಿದೆ. ಮಗಳ ಕಡೆ ಚಾಚಿದೆ. ಬೆಳಿಗ್ಗೆಯಿಂದ ನನಗಿಂತ ಕಡಿಮೆ ಕುಡಿದಿದ್ದವಳು ಅವಳು.

"ನನಗ ನೀರಡಿಕಿ ಇಲ್ಲ" ಅಂದಳು.

ಅಲ್ಲಿಂದ ಕೋಟೆ ತನಕ ಅವಳು ಮಾತಾಡಲಿಲ್ಲ. ಬಾಗಿಲು ದಾಟಿ, ಮುಳ್ಳುಕಂಟಿ ಸರಿಸಿಕೊಂಡು ಮೇಲೆ ಹತ್ತಿದ್ವಿ. ಗೋಡೆ ಅಂಚಿಗೆ ನಿಂತ್ರೆ ಕೆಳಗೆ ಕಮರಿ, ಅದರ ತಳದಲ್ಲಿ ಕೃಷ್ಣೆ. ಅಪರಾಧಿಗಳನ್ನ ಇಲ್ಲಿಂದಲೇ ನದಿಗೆ ನೂಕ್ತಿದ್ದರು ಅಂತ ಈ ಕಡೆ ಜನ ಹೇಳ್ತಾರೆ. ಫೋಟೋ ತೆಗೆದದ್ದು ಅಲ್ಲೇ. ನಾನು ನಕ್ಕಿದ್ದೀನಿ. ಅವಳು ನಕ್ಕಿಲ್ಲ. ಬೇಕಾದ್ರೆ ಮತ್ತೊಮ್ಮೆ ನೋಡ್ರಿ.

"ಯಪ್ಪಾ, ನೀ ಯಾಕ ಹೇಳ್ಲಿಲ್ಲ?" ಅಂತ ಕೇಳಿದಳು.

ಸಮಾಧಾನ ಹೇಳೋಕೆ ಬಾಬಾಸಾಹೇಬರ ಕಥೆ ತೆಗೆದೆ. 1934ರಲ್ಲಿ ಅವರೂ ಸುಮಾರು ಮೂವತ್ತು ಜನ ಸಂಗಾತಿಗಳೂ ಎಲ್ಲೋರಾ ನೋಡೋಕೆ ಹೊರಟು, ನಿಜಾಮನ ಸೀಮೆಯಲ್ಲಿದ್ದ ದೌಲತಾಬಾದ್ ಕೋಟೆಗೆ ಹೋದರು. ಬಾಗಿಲ ಹೊರಗೆ ನೀರು ತುಂಬಿದ ಸಣ್ಣ ಕೊಳ. ಪ್ರಯಾಣದ ಧೂಳು ಮೆತ್ತಿಕೊಂಡಿತ್ತು ಅಂತ ಕೆಲವರು ಕೈಕಾಲು ಮುಖ ತೊಳೆದರು. ಅಷ್ಟಕ್ಕೇ ಕೊಳ ಮೈಲಿಗೆ ಆಯ್ತು ಅಂತ ಒಬ್ಬ ಮುದುಕ ಕೂಗಿಕೊಂಡು ಓಡಿ ಬಂದ, ಜನ ಸೇರಿದರು. ಕೊನೆಗೆ ಕೋಟೆ ನೋಡೋಕೆ ಬಿಟ್ಟರು, ಆದ್ರೆ ಒಳಗೆ ಎಲ್ಲೂ ನೀರು ಮುಟ್ಟಬಾರದು ಅನ್ನೋ ಷರತ್ತು ಹಾಕಿ, ಕಾವಲಿಗೆ ಬಂದೂಕಿನ ಸಿಪಾಯಿಯನ್ನ ಜೊತೆಗೆ ಕಳಿಸಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬಾಬಾಸಾಹೇಬರೇ ಇದನ್ನ ಬರೆದಿದ್ದಾರೆ. ಇದನ್ನ ಓದಿ ಯಾರೂ ಒಂದು ಧರ್ಮದ ಕಡೆ ಬೆರಳು ತೋರಿಸಬೇಡ್ರಿ. ನಾನು ನೀರು ಕೇಳಿದ ಮನೆ ಆ ಧರ್ಮದ್ದಲ್ಲ.

"ಆ ಪ್ರವಾಸದಾಗ ಬಾಬಾಸಾಹೇಬರೂ ತಾವು ಯಾರು ಅಂತ ಸಾರಿಕೋತ ಹೋಗಲಿಲ್ಲವ್ವಾ. ಅಸ್ಪೃಶ್ಯರು ಅಂತ ಗೊತ್ತಾದ್ರ ತ್ರಾಸ ಆಗ್ತದ ಅಂತ ಗುಟ್ಟಾಗೇ ಹೊಂಟಿದ್ರು" ಅಂದೆ.

ನನ್ನ ಮಗಳೂ ಆ ಪುಸ್ತಕ ಓದಿದಾಳೆ ಅನ್ನೋದು ನನಗೆ ಗೊತ್ತಿರಲಿಲ್ಲ.

"ಗುಟ್ಟಾಗಿ ಹೊಂಟಿದ್ರು, ಖರೇ. ಆದ್ರ ಮಂದಿ ಸುತ್ತುಗಟ್ಟಿದಾಗ ನಿಮ್ಮೋರೇ ಅನ್ಕೋರಿ ಅನ್ಲಿಲ್ಲ. ನಿಮ್ಮ ಧರ್ಮ ಇದನ್ನೇ ಕಲಸ್ತದೇನು ಅಂತ ತಿರುಗಿ ಕೇಳಿದ್ರು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ವಾಪಸ್ ಬರುವಾಗ ಮಸ್ಕಿಯಲ್ಲಿ ಇಳಿದ್ವಿ. ಅಶೋಕನ ಶಾಸನ ಇರೋ ಬಂಡೆ. 1915ರಲ್ಲಿ ಇದು ಸಿಕ್ಕ ಮೇಲೆಯೇ 'ದೇವಾನಾಂಪ್ರಿಯ' ಅಂದ್ರೆ ಅಶೋಕನೇ ಅಂತ ಖಚಿತ ಆಗಿದ್ದು, ಯಾಕಂದ್ರೆ ಇದರಲ್ಲಿ ಅವನ ಹೆಸರೇ ಇದೆ. ಅದರಲ್ಲಿ ಇನ್ನೊಂದು ಮಾತೂ ಇದೆ. ಧಮ್ಮದ ದಾರಿ ದೊಡ್ಡವರಿಗಷ್ಟೇ ಅಂತ ತಿಳೀಬಾರದು, ಸಣ್ಣವನೂ ಅದರಲ್ಲಿ ನಡೆದು ಗುರಿ ಮುಟ್ಟಬಹುದು, ಇದನ್ನ ಇಬ್ಬರಿಗೂ ತಿಳಿಸಿರಿ ಅನ್ನೋ ಅರ್ಥದ್ದು. ಎರಡು ಸಾವಿರ ವರ್ಷಕ್ಕೂ ಹಿಂದೆ, ಇದೇ ದೋಆಬಿನಲ್ಲಿ, ಒಬ್ಬ ರಾಜ ಕಲ್ಲಿನ ಮೇಲೆ ಬರೆಸಿದ್ದು. ಕೋಟೆಯ ಕಲ್ಲಿಗೂ ಈ ಕಲ್ಲಿಗೂ ಇರೋ ಫರಕು ನೀವೇ ನೋಡಿಕೊಳ್ರಿ.

ಸೋಮವಾರ ಆಫೀಸಿಗೆ ಹೋಗೋ ಮುಂಚೆ ರಾಯಚೂರು ಕೋಟೆ ಗೋಡೆ ಮುಂದೆ ನಿಂತೆ. ದಿನಾ ಅದರ ಪಕ್ಕದಲ್ಲೇ ಓಡಾಡ್ತೀನಿ, ನಿಂತು ನೋಡಿದ್ದು ಕಡಿಮೆ. 41 ಅಡಿಗೂ ಉದ್ದದ ಒಂದೇ ಕಲ್ಲು ಅಲ್ಲಿದೆ. ಅದರ ಮೇಲೆ 1294ರ ಶಾಸನ. ಕೋಟೆ ಕಟ್ಟಿಸಿದ ಕಾಕತೀಯ ದಂಡನಾಯಕ ವಿಠಲನ ಹೆಸರಿದೆ. ಆ ಕಲ್ಲನ್ನ ತಂದದ್ದು ಹೇಗೆ ಅನ್ನೋ ಚಿತ್ರವೂ ಗೋಡೆ ಮೇಲಿದೆ. ಬಂಡಿ, ಅದರ ಮೇಲೆ ಕಲ್ಲು, ಎಳೆಯೋ ಕೋಣಗಳ ಸಾಲು, ಜೊತೆಗೆ ದುಡಿಯೋ ಆಳುಗಳು. ಆ ಆಳುಗಳಿಗೆ ಹೆಸರಿಲ್ಲ. ಅವರು ಯಾವ ಜಾತಿಯವರು ಅಂತ ಕಲ್ಲು ಹೇಳಲ್ಲ, ಗೊತ್ತಿಲ್ಲದ್ದನ್ನ ನಾನೂ ಹೇಳಲ್ಲ. ಆದ್ರೆ ನಮ್ಮ ಕಡೆ ಕಲ್ಲು ಒಡೆದ ಭೋವಿಗಳು ಯಾರು, ಭಾರ ಹೊತ್ತವರು ಯಾರು ಅಂತ ನಿಮಗೂ ಗೊತ್ತು.

1520ರಲ್ಲಿ ಕೃಷ್ಣದೇವರಾಯ ಇದೇ ಕೋಟೆಗೆ ಮುತ್ತಿಗೆ ಹಾಕಿದಾಗ, ಗೋಡೆ ಕಲ್ಲು ಕಿತ್ತು ತಂದ ಸೈನಿಕರಿಗೆ ಕಲ್ಲಿನ ಗಾತ್ರ ನೋಡಿ ಹಣ ಕೊಡ್ತಿದ್ದರು ಅಂತ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ನಾನು ಗುಮಾಸ್ತ, ಲೆಕ್ಕ ಬರೆಯೋನು. ಕಿತ್ತ ಕಲ್ಲಿಗೆ ಲೆಕ್ಕ ಇದೆ, ಹೊತ್ತು ತಂದವರದ್ದು ಇಲ್ಲ. ಇಷ್ಟು ದಿನ ಇದನ್ನ ನೋಡಿ ಸಿಟ್ಟು ಬರ್ತಿತ್ತು. ಸೋಮವಾರ ನಾಚಿಕೆ ಆಯ್ತು. ಆ ಆಳುಗಳ ಹೆಸರನ್ನ ಬರೆಯದೇ ಬಿಟ್ಟವರು ಬೇರೆಯವರು. ಭಾನುವಾರ ನನ್ನ ಹೆಸರನ್ನ, ನಮ್ಮ ಮುತ್ಯಾನ ಹೆಸರನ್ನ ಅಳಿಸಿದವನು ನಾನೇ. ಬೆಲೆ ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ.

ಆ ಹೆಣ್ಣುಮಗಳ ಮೇಲೆ ನನಗೆ ದ್ವೇಷ ಇಲ್ಲ. ನಿಜ ಹೇಳಿದ್ರೆ ಆಯಮ್ಮ ಏನು ಮಾಡ್ತಿದ್ದಳೋ, ನೋಡೋ ಅವಕಾಶವನ್ನೇ ನಾನು ಕೊಡಲಿಲ್ಲ. ಕೊಡ್ತಿದ್ದಳೋ ಏನೋ. ಅದೂ ಒಂದು ಅನ್ಯಾಯವೇ.

ಬರೋ ಭಾನುವಾರ ಮತ್ತೆ ಹೋಗ್ತೀವಿ, ನಾನೂ ಮಗಳೂ. ಅದೇ ಬಂಡೆ ದಾರಿ, ಅದೇ ಊರು, ಅದೇ ಕಟ್ಟೆ. ನೀರು ಕೇಳ್ತೀನಿ. ಯಾವ ಮಂದಿ ಅಂದ್ರೆ ಹೇಳ್ತೀನಿ. ಕೇಳದಿದ್ರೂ ಹೇಳ್ತೀನಿ. ಕೊಟ್ಟರೆ ಇಬ್ಬರೂ ಕುಡಿದು ಬರ್ತೀವಿ. ಕೊಡದಿದ್ರೆ ಅದನ್ನೂ ಇಲ್ಲೇ ಬರೀತೀನಿ.

ಜೈ ಭೀಮ್.