ಹೆಸರಿನ ಮೇಲಿನ ಮುಂಗಡ

ಬರಲಿರುವ ವಸ್ತುವಿನ ಕುರಿತು ಮನುಷ್ಯನು ಕಟ್ಟಿಕೊಳ್ಳುವ ನಿರೀಕ್ಷೆಯೂ ಒಂದು ಬಗೆಯ ವ್ಯವಹಾರವೇ ಸರಿ. ಆದರೆ ಅಲ್ಲಿ ಕರಾರುಪತ್ರವನ್ನು ಬರೆಯುವವನೂ ಅದಕ್ಕೆ ರುಜು ಹಾಕುವವನೂ ಒಬ್ಬನೇ. 1981ರಲ್ಲಿ ಇಂಗ್ಲೆಂಡಿನಲ್ಲಿ ‘ಏಷ್ಯಾ’ ಎಂಬ ಹೊಸ ರಾಕ್ ಸಂಗೀತ ತಂಡವು ರೂಪುಗೊಂಡಾಗ ಅಭಿಮಾನಿಯು ಬರೆದುಕೊಂಡದ್ದು ಇಂಥದೊಂದು ಪತ್ರವನ್ನೇ.

ತಂಡವು ಹೊಸದಾದರೂ ಅದರಲ್ಲಿದ್ದವರು ಹೊಸಬರಲ್ಲ. ಕಿಂಗ್ ಕ್ರಿಮ್ಸನ್ ತಂಡದಲ್ಲಿ ಹಾಡಿ ಬೇಸ್ ಗಿಟಾರ್ ನುಡಿಸಿದ್ದ ಜಾನ್ ವೆಟನ್, ಯೆಸ್ ತಂಡದ ಗಿಟಾರ್ ವಾದಕ ಸ್ಟೀವ್ ಹೌ, ‘ಎಮರ್ಸನ್, ಲೇಕ್ ಅಂಡ್ ಪಾಮರ್’ ತಂಡದ ಡ್ರಮ್ ವಾದಕ ಕಾರ್ಲ್ ಪಾಮರ್, ಬಗಲ್ಸ್ ಮತ್ತು ಯೆಸ್ ತಂಡಗಳಿಂದ ಬಂದ ಕೀಬೋರ್ಡ್ ವಾದಕ ಜೆಫ್ ಡೌನ್ಸ್. ಇವರು ಬೆಳೆದುಬಂದ ಪ್ರೊಗ್ರೆಸಿವ್ ರಾಕ್ ಸಂಪ್ರದಾಯವು ಚಿಕ್ಕ ಹಾಡಿನ ಚೌಕಟ್ಟನ್ನು ಒಪ್ಪದು. ಯೆಸ್ ತಂಡದ 1972ರ ‘ಕ್ಲೋಸ್ ಟು ದಿ ಎಡ್ಜ್’ ಎಂಬ ಒಂದೇ ರಚನೆಯು 18 ನಿಮಿಷಗಳಿಗೂ ಮಿಕ್ಕಿ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲನ್ನು ಪೂರ್ತಿ ಆವರಿಸುತ್ತದೆ. ಪಾಮರ್ ನುಡಿಸಿದ 1971ರ ‘ಟಾರ್ಕಸ್’ ರಚನೆಯದು ಸುಮಾರು 20 ನಿಮಿಷ. ಅಭಿಮಾನಿಯು ಈ ನಾಲ್ಕು ಹೆಸರುಗಳ ಹಳೆಯ ಶಿಲ್ಕನ್ನು ಕೂಡಿಸಿದ. ಮೊತ್ತವು ದೊಡ್ಡದಾಗಿಯೇ ಬಂತು. ಒಂದು ಸ್ವರವನ್ನೂ ಕೇಳದೆ ಆತನು ತನ್ನ ವಿಶ್ವಾಸವನ್ನು ಮುಂಗಡವಾಗಿ ಕೊಟ್ಟುಬಿಟ್ಟ. ಕಾಯುವ ಆ ತಿಂಗಳುಗಳಲ್ಲಿ ಅವನ ಮನಸ್ಸಿನೊಳಗೆ ನುಡಿಯುತ್ತಿದ್ದ ಸಂಗೀತವನ್ನು ಯಾವ ತಂಡವೂ ರಚಿಸಿರಲಿಲ್ಲ.

1982ರ ಮಾರ್ಚ್ ತಿಂಗಳಲ್ಲಿ ‘ಏಷ್ಯಾ’ ಎಂಬ ಹೆಸರಿನಲ್ಲಿಯೇ ಧ್ವನಿಮುದ್ರಿಕೆ ಹೊರಬಂತು. ಅದರಲ್ಲಿದ್ದುದು 9 ಹಾಡುಗಳು. ಒಂದೂ ಆರು ನಿಮಿಷ ಮುಟ್ಟುವುದಿಲ್ಲ. ರೇಡಿಯೋಗೆ ಒಗ್ಗುವ, ಕೇಳಿದೊಡನೆ ನಾಲಿಗೆಗೆ ಹತ್ತುವ ಪಲ್ಲವಿಗಳು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 9 ವಾರ ಮೊದಲ ಸ್ಥಾನದಲ್ಲಿತ್ತು. ಹಿಂದಿನದೇನನ್ನೂ ಅರಿಯದೆ ಬಂದ ಶ್ರೋತೃಗಳು ಸಂತೋಷಪಟ್ಟರು. ಹಳೆಯ ಅಭಿಮಾನಿಗಳಲ್ಲಿ ಅನೇಕರಿಗೆ ಮಾತ್ರ ವಂಚನೆಯಾಯಿತೆಂಬ ಭಾವ.

ವಂಚನೆ ಎಂಬ ಮಾತು ಇಲ್ಲಿ ಸಲ್ಲುವುದೇ? ಇಪ್ಪತ್ತು ನಿಮಿಷಗಳ ರಚನೆಯನ್ನು ಕೊಡುವೆವೆಂದು ಆ ಹೆಸರುಗಳು ತಾವಾಗಿ ಹೇಳುವುದಿಲ್ಲ. ನಿನ್ನೆ ಮಾಡಿದ್ದನ್ನೇ ನಾಳೆಯೂ ಮಾಡತಕ್ಕದ್ದೆಂದು ಕಲಾವಿದನನ್ನು ಬಂಧಿಸುವುದು ಅಭಿಮಾನವಲ್ಲ, ಒಡೆತನ. ಇಷ್ಟಾದರೂ ತಂಡವು ಪೂರ್ತಿ ನಿರ್ದೋಷಿಯೆನ್ನುವಂತಿಲ್ಲ. ಹೊದಿಕೆಯ ಚಿತ್ರವನ್ನು ಬರೆದವರು ರೋಜರ್ ಡೀನ್. ಯೆಸ್ ತಂಡದ ಪ್ರಸಿದ್ಧ ಹೊದಿಕೆಗಳನ್ನು ರಚಿಸಿದವರೂ ಅವರೇ. ಸಮುದ್ರದಿಂದೆದ್ದ ಆ ಮಹಾಸರ್ಪವನ್ನು ಕಂಡವನು ಹಳೆಯ ಅಂಗಡಿಯ ಫಲಕವನ್ನೇ ಕಂಡಂತೆ ಒಳಗೆ ಹೋದರೆ ತಪ್ಪು ಅವನೊಬ್ಬನದಲ್ಲ. ಫಲಕವು ಬಾಯಿಬಿಟ್ಟು ಸುಳ್ಳು ಹೇಳುವುದಿಲ್ಲವಾದರೂ ಗಿರಾಕಿಯ ಊಹೆಯನ್ನು ತಿದ್ದುವುದೂ ಇಲ್ಲ. (ವ್ಯಾಪಾರದ ಗದ್ದಿಗೆಯ ಮೇಲೆ ಕುಳಿತ ವಾಚಕರಿಗೆ ಈ ಮೌನದ ಬೆಲೆಯನ್ನು ವಿವರಿಸಬೇಕಾಗಿಲ್ಲ.)

ವೆಟನ್ 1983ರಲ್ಲಿ ತಂಡದಿಂದ ಹೊರಬಿದ್ದರು. ಮೂಲದ ನಾಲ್ವರೂ ಮತ್ತೆ ಒಂದಾದದ್ದು 2006ರಲ್ಲಿ. ಆ ಸಂಚಾರದಲ್ಲಿ ಅವರು ತಮ್ಮ ಹಿಂದಿನ ತಂಡಗಳ ಕೃತಿಗಳನ್ನೂ ನುಡಿಸಿದರು, ಮೊದಲ ಧ್ವನಿಮುದ್ರಿಕೆಯ 9 ಹಾಡುಗಳನ್ನೂ ಹಾಡಿದರು. ಸಭಾಂಗಣಕ್ಕೆ ಬಂದವರು ಈ ಸಲ ಕಾದಿದ್ದುದು ಆ ಚಿಕ್ಕ ಹಾಡುಗಳಿಗಾಗಿ.